ಗುಪ್ತಲಿಪಿಯನ್ನು ನಂಬಿ ತಲೆ ಕಳೆದುಕೊಂಡ ರಾಣಿ

ಸಂದೇಶವನ್ನು ಗುಪ್ತಲಿಪಿಯಲ್ಲಿ ಬರೆದುಬಿಟ್ಟರೆ ಬೇರೆ ಯಾರೂ ಓದಲಾರರು ಎಂಬ ನಂಬಿಕೆ ಬಹಳ ಹಳೆಯದು. ಸ್ಕಾಟ್ಲೆಂಡಿನ ರಾಣಿ ಮೇರಿ ಸ್ಟುವರ್ಟ್ ಈ ನಂಬಿಕೆಗೆ ಪ್ರಾಣವನ್ನೇ ತೆರಬೇಕಾಯಿತು.

ಮೇರಿ ಹುಟ್ಟಿದ್ದು 1542ರ ಡಿಸೆಂಬರಿನಲ್ಲಿ. ಆರು ದಿನದ ಕೂಸಾಗಿದ್ದಾಗಲೇ ತಂದೆ ತೀರಿಕೊಂಡು ಪಟ್ಟ ಆಕೆಗೆ ಬಂತು. ಬೆಳೆದದ್ದು ಫ್ರಾನ್ಸಿನಲ್ಲಿ. ಅಲ್ಲಿನ ಯುವರಾಜನನ್ನು ಮದುವೆಯಾಗಿ ಕೆಲಕಾಲ ಆ ದೇಶಕ್ಕೂ ರಾಣಿಯಾದಳು. ಗಂಡ ಸತ್ತ ಮೇಲೆ 1561ರಲ್ಲಿ ಸ್ಕಾಟ್ಲೆಂಡಿಗೆ ಮರಳಿದಳು. 1567ರಲ್ಲಿ ಸಿಂಹಾಸನ ಕಳೆದುಕೊಂಡು, ಮರುವರ್ಷ ಆಶ್ರಯ ಬೇಡಿ ಇಂಗ್ಲೆಂಡಿಗೆ ಬಂದಳು. ಆದರೆ ಇಂಗ್ಲೆಂಡಿನ ಸಿಂಹಾಸನಕ್ಕೆ ಆಕೆಯೂ ಹಕ್ಕುದಾರಳು ಎಂಬ ಕಾರಣಕ್ಕೆ ರಾಣಿ ಒಂದನೇ ಎಲಿಜಬೆತ್ ಆಕೆಯನ್ನು ಸುಮಾರು 19 ವರ್ಷ ಸೆರೆಯಲ್ಲಿಟ್ಟಳು.

1586ರಲ್ಲಿ ಚಾರ್ಟ್ಲಿ ಎಂಬಲ್ಲಿ ಸೆರೆಯಲ್ಲಿದ್ದಾಗ ಹೊರಗಿನ ಪತ್ರಗಳು ಬಿಯರ್ ಪೀಪಾಯಿಗಳಲ್ಲಿ ಅಡಗಿ ಬರತೊಡಗಿದವು. ಈ ಗುಟ್ಟಿನ ಅಂಚೆ ತನ್ನ ಬೆಂಬಲಿಗರದ್ದು ಎಂದೇ ಮೇರಿ ನಂಬಿದ್ದಳು. ನಿಜದಲ್ಲಿ ಅದು ಎಲಿಜಬೆತ್‌ಳ ಮಂತ್ರಿ ಫ್ರಾನ್ಸಿಸ್ ವಾಲ್ಸಿಂಗ್‌ಹ್ಯಾಮ್ ಹೂಡಿದ ಬಲೆ. ಪತ್ರ ಒಯ್ಯುತ್ತಿದ್ದ ಗಿಲ್ಬರ್ಟ್ ಗಿಫರ್ಡ್ ಅವನ ಗೂಢಚಾರ. ಪ್ರತಿ ಪತ್ರವನ್ನೂ ತೆರೆದು, ನಕಲು ಮಾಡಿ, ಮತ್ತೆ ಮುಚ್ಚಿ ಮುಂದಕ್ಕೆ ಕಳಿಸಲಾಗುತ್ತಿತ್ತು.

ನಕಲು ಸಿಕ್ಕರೂ ಓದುವುದು ಹೇಗೆ? ಮೇರಿಯ ಲಿಪಿಯಲ್ಲಿ ಅಕ್ಷರಗಳಿಗೆ 23 ಚಿಹ್ನೆಗಳಿದ್ದವು, ಪದಗಳಿಗೆ 30ಕ್ಕೂ ಹೆಚ್ಚು. ನೋಡಲು ಕಠಿಣ. ಆದರೆ ಪ್ರತಿ ಅಕ್ಷರಕ್ಕೂ ಒಂದೇ ಚಿಹ್ನೆ ಇದ್ದರೆ, ಹೆಚ್ಚು ಬಳಕೆಯಾಗುವ ಅಕ್ಷರದ ಚಿಹ್ನೆಯೂ ಹೆಚ್ಚು ಸಲ ಕಾಣುತ್ತದೆ. ಇಂಗ್ಲಿಷಿನಲ್ಲಿ 'ಇ' ಅಂಥ ಅಕ್ಷರ. ಹೀಗೆ ಎಣಿಸಿ ಬಿಡಿಸುವ ವಿಧಾನವನ್ನು ಅರಬ್ ವಿದ್ವಾಂಸ ಅಲ್-ಕಿಂದಿ 9ನೇ ಶತಮಾನದಲ್ಲೇ ವಿವರಿಸಿದ್ದ. ವಾಲ್ಸಿಂಗ್‌ಹ್ಯಾಮ್‌ನ ಬಳಿಯಿದ್ದ ಥಾಮಸ್ ಫೆಲಿಪ್ಸ್ ಇದರಲ್ಲಿ ನುರಿತವನು.

ಎಲಿಜಬೆತ್‌ಳನ್ನು ಕೊಂದು ಮೇರಿಯನ್ನು ಬಿಡಿಸುವ ಯೋಜನೆಯನ್ನು ಆಂಥನಿ ಬ್ಯಾಬಿಂಗ್ಟನ್ ಎಂಬ ಯುವಕ ಬರೆದು ಕಳಿಸಿದ. ಜುಲೈ 17ರಂದು ಮೇರಿ ಒಪ್ಪಿಗೆ ಸೂಚಿಸುವ ಉತ್ತರ ಬರೆಸಿದಳು. ಲಿಪಿಯ ಮೇಲೆ ಭರವಸೆ ಇರದಿದ್ದರೆ ಅಷ್ಟು ಬಿಚ್ಚಿ ಬರೆಯುತ್ತಿದ್ದಳೇ? ಫೆಲಿಪ್ಸ್ ಅದನ್ನು ಓದಿದ್ದಷ್ಟೇ ಅಲ್ಲ, ಕೊಲೆಗಾರರ ಹೆಸರು ಕೇಳುವ ಸಾಲುಗಳನ್ನು ಅದೇ ಲಿಪಿಯಲ್ಲಿ ತಾನೇ ಸೇರಿಸಿದ. ವಿಚಾರಣೆಯಲ್ಲಿ ಪತ್ರವೇ ಸಾಕ್ಷಿಯಾಯಿತು. 1587ರ ಫೆಬ್ರವರಿ 8ರಂದು ಫಾದರಿಂಗೇ ಕೋಟೆಯಲ್ಲಿ ಮೇರಿಯ ಶಿರಚ್ಛೇದವಾಯಿತು.

ಇಂದಿನ ಎನ್‌ಕ್ರಿಪ್ಷನ್ ಅಕ್ಷರ ಎಣಿಸಿ ಬಿಡಿಸುವಂಥದ್ದಲ್ಲ. ಸಂದೇಶ ದಾರಿಯಲ್ಲಿ ಬದಲಾಗಿದೆಯೇ ಎಂದು ತಿಳಿಯಲು ಡಿಜಿಟಲ್ ಸಹಿಯೂ ಇದೆ. ಆದರೆ ಮೇರಿ ಎಡವಿದ ಇನ್ನೊಂದು ಕಡೆ ಹಾಗೇ ಉಳಿದಿದೆ: ಆ ಕಡೆ ಇರುವವರು ನಿಜಕ್ಕೂ ಯಾರು? ವಾಟ್ಸಾಪ್ ಸಂದೇಶಕ್ಕೆ ಬೀಗ ಇರಬಹುದು, ಆದರೆ ಗೆಳೆಯನ ಖಾತೆಯನ್ನು ವಂಚಕ ಕದ್ದಿದ್ದರೆ ಆ ಬೀಗದಿಂದ ಉಪಯೋಗವಿಲ್ಲ. ಪರಿಚಿತರೇ ಹಣವನ್ನೋ ಒಟಿಪಿಯನ್ನೋ ಕೇಳಿದರೂ, ಒಮ್ಮೆ ಫೋನ್ ಮಾಡಿ ಅವರ ದನಿ ಕೇಳಿ. ಒಟಿಪಿಯನ್ನಂತೂ ಯಾರಿಗೂ ಕೊಡಬೇಡಿ.