ಬೆಂಗಳೂರಿಗೆ ಹಸಿರು ನಕ್ಷೆ ಬರೆದ ಜಿ.ಎಚ್. ಕೃಂಬಿಗಲ್

ಪುಣೆಯ ಗಣೇಶಖಿಂಡದಲ್ಲಿರುವ ವಿಶ್ವವಿದ್ಯಾಲಯದ ಆವರಣವನ್ನು ನೋಡದ ಪುಣೆ ಕನ್ನಡಿಗರು ವಿರಳ. 1871ರಲ್ಲಿ ಪೂರ್ಣಗೊಂಡ ಗವರ್ನರ್ ಬಂಗಲೆ ಮತ್ತು ಅದರ ಸುತ್ತಲಿನ ಉದ್ಯಾನ 1949ರಲ್ಲಿ ವಿದ್ಯಾರ್ಥಿಗಳ ಪಾಲಿಗೆ ಬಂತು. ಮರದ ನೆರಳಲ್ಲಿ ಕುಳಿತು ಓದುವಾಗ, ಅದನ್ನು ಅಲ್ಲೇ ನೆಡಬೇಕೆಂದು ಮೊದಲು ಕಾಗದದ ಮೇಲೆ ಗುರುತು ಹಾಕಿದವರು ಯಾರೆಂದು ನಾವು ಕೇಳುವುದಿಲ್ಲ. ಕನ್ನಡ ನಾಡಿನಲ್ಲಿ ಅಂಥ ಗುರುತುಗಳನ್ನು ಹಾಕಿದ ಮಹನೀಯರಲ್ಲಿ ಅಗ್ರಗಣ್ಯರು ಗುಸ್ತಾವ್ ಹರ್ಮನ್ ಕೃಂಬಿಗಲ್.

ಕೃಂಬಿಗಲ್ ಜನಿಸಿದ್ದು 1865ರ ಡಿಸೆಂಬರ್‌ನಲ್ಲಿ, ಜರ್ಮನಿಯ ಡ್ರೆಸ್ಡೆನ್ ಸಮೀಪದ ಲೋಮೆನ್ ಎಂಬ ಊರಿನಲ್ಲಿ. ತೋಟಗಾರಿಕೆಯ ವಿದ್ಯೆಯನ್ನು ಅಲ್ಲಿಯೇ ಕಲಿತು, ಇಂಗ್ಲೆಂಡಿಗೆ ತೆರಳಿ, ಲಂಡನ್ನಿನ ಹೈಡ್ ಪಾರ್ಕ್ ಹಾಗೂ ಕ್ಯೂ ಸಸ್ಯೋದ್ಯಾನಗಳಲ್ಲಿ ದುಡಿದರು. 1893ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ಸಂಸ್ಥಾನಕ್ಕೆ ಬಂದರು. ಮಹಾರಾಷ್ಟ್ರದಲ್ಲಿ ಇಂದಿಗೂ ಗೌರವದಿಂದ ನೆನೆಯುವ ಆ ದೊರೆಯ ಆಶ್ರಯದಲ್ಲಿ ಹದಿನೈದು ವರ್ಷ ಸೇವೆ ಸಲ್ಲಿಸಿದರು.

1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನ ಅವರನ್ನು ಬರಮಾಡಿಕೊಂಡಿತು. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ಜಾನ್ ಕ್ಯಾಮರಾನ್ ಅವರ ನಂತರ ಕೃಂಬಿಗಲ್ ಕೈಸೇರಿತು. ವಿದೇಶಗಳ ಸಸ್ಯೋದ್ಯಾನಗಳೊಂದಿಗೆ ಬೀಜ, ಸಸಿಗಳ ವಿನಿಮಯ ನಡೆಸಿದರು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಸ್ಥಾಪನೆಯಾಯಿತು.

ಉದ್ಯಾನದ ನಕ್ಷೆ ಬರೆಯುವವನ ಕಷ್ಟ ಕಟ್ಟಡದ ನಕ್ಷೆ ಬರೆಯುವವನಿಗಿಲ್ಲ. ಕಟ್ಟಡ ನಕ್ಷೆಯಲ್ಲಿರುವಂತೆಯೇ ನಿಲ್ಲುತ್ತದೆ. ಮರವಾದರೋ ಬೆಳೆಯುತ್ತಲೇ ಇರುತ್ತದೆ. ಇಂದಿನ ಸಸಿ ನಲವತ್ತು ವರ್ಷದ ನಂತರ ಎಷ್ಟು ಅಗಲ ಹರಡೀತು, ಯಾವ ತಿಂಗಳು ಹೂ ಬಿಟ್ಟೀತು ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು. ಈ ಲೆಕ್ಕದಲ್ಲಿ ಕೃಂಬಿಗಲ್ ನಿಪುಣರು. ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದ ಹಿರಿಮೆ ಅವರದು. ಜಕರಂದದ ನೀಲಿಯ ಬೆನ್ನಿಗೇ ಗುಲ್‌ಮೊಹರ್‌ನ ಕೆಂಪು ಬರುವುದು ಆ ಊರಿನವರಿಗೆಲ್ಲ ಗೊತ್ತು.

ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎನಿಸಿಕೊಂಡ, 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವನ್ನು ಹಸಿರಾಗಿಸಿದ ಕೀರ್ತಿಯಲ್ಲೂ ಅವರಿಗೆ ಪಾಲಿದೆ. ಮೈಸೂರು ಅರಸರು ಕೊಟ್ಟ 371 ಎಕರೆ ಕುರುಚಲು ನೆಲ ಈಗ ಕಾಡಿನಂತಿದೆ. ಅಲ್ಲಿನ ರಸ್ತೆಗಳಿಗೆ ಸಾಲುಮರಗಳ ಹೆಸರನ್ನೇ ಇಟ್ಟಿದ್ದಾರೆ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕನಸಾದ ಕನ್ನಂಬಾಡಿ ಅಣೆಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನಕ್ಕೆ ರೂಪ ಕೊಟ್ಟವರೂ ಕೃಂಬಿಗಲ್ ಅವರೇ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೆಲ, ನಡುವೆ ಹರಿಯುವ ಕಾರಂಜಿಗಳ ನೀರು ನೋಡದ ಕನ್ನಡ ಕುಟುಂಬ ಇದ್ದೀತೇ?

1932ರಲ್ಲಿ ನಿವೃತ್ತರಾದಾಗ ಅವರ ಸ್ಥಾನಕ್ಕೆ ಬಂದವರು ಎಚ್.ಸಿ. ಜವರಾಯ. ಕೃಂಬಿಗಲ್ ಮಾತ್ರ ತಾಯ್ನಾಡಿಗೆ ಮರಳದೆ ಬೆಂಗಳೂರಿನಲ್ಲೇ ನೆಲೆಸಿದರು. ಎರಡನೇ ಮಹಾಯುದ್ಧ ಶುರುವಾದಾಗ ಭಾರತಕ್ಕೆ ಬಂದು 46 ವರ್ಷವಾಗಿದ್ದರೂ, ಎಪ್ಪತ್ತು ದಾಟಿದ ಈ ವೃದ್ಧರನ್ನು ಜರ್ಮನ್ ಪ್ರಜೆ ಎಂಬ ಕಾರಣಕ್ಕೆ ಬ್ರಿಟಿಷರು ಬಂಧನ ಶಿಬಿರದಲ್ಲಿಟ್ಟರು. ತಾವು ಹಸಿರಾಗಿಸಿದ ಊರಿನಲ್ಲೇ ಶತ್ರು ಎನಿಸಿಕೊಂಡರೂ ಅವರು ಆ ಊರನ್ನು ತೊರೆಯಲಿಲ್ಲ. 1956ರ ಫೆಬ್ರವರಿಯಲ್ಲಿ, ತೊಂಬತ್ತು ತುಂಬಿದ ಬಳಿಕ, ಅಲ್ಲೇ ಕೊನೆಯುಸಿರೆಳೆದರು. ಅವರ ಸಮಾಧಿ ಹೊಸೂರು ರಸ್ತೆಯ ಮೆಥಡಿಸ್ಟ್ ಸ್ಮಶಾನದಲ್ಲಿದೆ.

ಲಾಲ್‌ಬಾಗಿನಲ್ಲಿ ಅವರ ಹೆಸರಿನಲ್ಲಿದ್ದ ಹಳೆಯ ಕೃಂಬಿಗಲ್ ಹಾಲ್ 2017ರಲ್ಲಿ ಕುಸಿಯಿತು. ಬೀದಿಯ ಮರಗಳೂ ರಸ್ತೆ ಅಗಲೀಕರಣಕ್ಕೆ ಬಲಿಯಾಗುತ್ತಿವೆ. ಒಂದು ಮರ ಉರುಳಿದಾಗ ನೂರು ವರ್ಷದ ನಕ್ಷೆಯ ಒಂದು ಗೆರೆ ಅಳಿಸಿದಂತೆ.

ಹೊಟ್ಟೆಪಾಡಿಗೆ ಊರು ಬಿಟ್ಟು ಪುಣೆಗೆ ಬಂದ ನಮಗೆ ಈ ಬದುಕು ಬಹಳ ಹತ್ತಿರದ್ದು. ಬಂದ ಊರಿಗೆ ನಾವೇನು ಕೊಟ್ಟೆವು ಎಂಬ ಪ್ರಶ್ನೆಗೆ ಕೃಂಬಿಗಲ್ ಅವರು ನೆರಳಿನಲ್ಲೇ ಉತ್ತರ ಕೊಟ್ಟು ಹೋಗಿದ್ದಾರೆ. ಮುಂದಿನ ರಾಜ್ಯೋತ್ಸವದಂದು ನಮ್ಮ ಸಂಘಗಳು ಧ್ವಜಾರೋಹಣದ ಜೊತೆಗೆ ಒಂದೊಂದು ಸಸಿಯನ್ನೂ ನೆಟ್ಟು, ಅದಕ್ಕೆ ನೀರೆರೆಯುವ ಹೊಣೆಯನ್ನೂ ಹೊತ್ತರೆ ಅದೇ ಅವರಿಗೆ ಸಲ್ಲುವ ಗೌರವ.