ಗೂಢಲಿಪಿಯ ಬೀಗ ತೆರೆದ ಅಲ್ ಕಿಂದಿ



ಪರೀಕ್ಷೆಯ ಫಲಿತಾಂಶ ನೋಡಲು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ನೀವು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಒಂದು ಜಾಲತಾಣದ ಹೆಸರನ್ನು ಬರೆಯುತ್ತೀರಿ. ಇಂತಹ ಹೆಸರುಗಳನ್ನು ಮೋಸಗಾರರಿಂದ ಕಾಪಾಡಲು ಗುಪ್ತ ಕೀಲಿಗಳ ಒಂದು ವ್ಯವಸ್ಥೆ ಇದೆ. ಆ ಕೀಲಿಗಳಿಗೂ ಆಯುಷ್ಯವಿದೆ, ಸಮಯ ನೋಡಿ ಅವನ್ನು ಬದಲಾಯಿಸಬೇಕಾಗುತ್ತದೆ. ಯಾವ ಗುಟ್ಟೂ ಶಾಶ್ವತವಲ್ಲ ಎಂಬುದನ್ನು ಸುಮಾರು 1150 ವರ್ಷಗಳ ಹಿಂದೆಯೇ ಲೆಕ್ಕ ಹಾಕಿ ತೋರಿಸಿಕೊಟ್ಟ ವಿದ್ವಾಂಸರೊಬ್ಬರು ನಮ್ಮ ಇತಿಹಾಸದಲ್ಲಿದ್ದಾರೆ. ಅವರೇ ಅಬೂ ಯೂಸುಫ್ ಯಾಕೂಬ್ ಇಬ್ನ್ ಇಸ್‌ಹಾಕ್ ಅಲ್ ಕಿಂದಿ.

ಅಲ್ ಕಿಂದಿಯವರು ಸುಮಾರು ಕ್ರಿ.ಶ. 801ರಲ್ಲಿ ಇರಾಕಿನ ಕೂಫಾದಲ್ಲಿ ಜನಿಸಿದರು. ಅರಬರ ಪ್ರಸಿದ್ಧ ಕಿಂದಾ ಗೋತ್ರದವರಾದ್ದರಿಂದ ಅವರಿಗೆ ಆ ಹೆಸರು ಬಂತು. ಅವರ ತಂದೆ ಕೂಫಾದ ರಾಜ್ಯಪಾಲರಾಗಿದ್ದರು. ಮುಂದೆ ಅವರು ಬಗ್ದಾದಿಗೆ ಬಂದು ವಿದ್ಯಾಭ್ಯಾಸ ಮುಂದುವರಿಸಿದರು. ಖಲೀಫ ಮಾಮೂನ್ ಮತ್ತು ಅವರ ನಂತರ ಖಲೀಫರಾದ ಮುಅ್‌ತಸಿಮ್ ಅವರನ್ನು ಆದರಿಸಿದರು. ಮುಅ್‌ತಸಿಮರು ತಮ್ಮ ಮಗ ಅಹ್ಮದನ ಶಿಕ್ಷಣವನ್ನು ಅವರಿಗೇ ಒಪ್ಪಿಸಿದರು.

ಗ್ರೀಕ್ ಭಾಷೆಯ ಗ್ರಂಥಗಳು ಅರಬಿಗೆ ಬರುತ್ತಿದ್ದ ಕಾಲವದು. ಅಲ್ ಕಿಂದಿಯವರು ಅನುವಾದಕರ ತಂಡವೊಂದಕ್ಕೆ ಮಾರ್ಗದರ್ಶಕರಾಗಿದ್ದರು. ಸತ್ಯವು ಯಾವ ನಾಡಿನಿಂದ, ಯಾವ ಜನರಿಂದ ಬಂದರೂ ಅದನ್ನು ಸ್ವೀಕರಿಸಲು ನಾಚಬಾರದು ಎಂಬುದು ಅವರ ನಿಲುವಾಗಿತ್ತು. ನಮ್ಮ ಭಾರತದ ಅಂಕಿಗಳ ಬಳಕೆಯ ಬಗ್ಗೆಯೂ ಅವರು ಗ್ರಂಥ ರಚಿಸಿದರು. ವೈದ್ಯ, ಸಂಗೀತ, ಖಗೋಳ, ತತ್ವಶಾಸ್ತ್ರ ಹೀಗೆ ಅವರ ಬರಹಗಳ ಸಂಖ್ಯೆ ಇನ್ನೂರನ್ನು ಮೀರುತ್ತದೆ. ಅರಬರ ತತ್ವಜ್ಞಾನಿ ಎಂಬ ಬಿರುದು ಅವರಿಗೆ ಸಂದಿದೆ.

ಇವುಗಳ ಪೈಕಿ ಒಂದು ಚಿಕ್ಕ ಗ್ರಂಥ ಗೂಢಲಿಪಿಯನ್ನು ಬಿಡಿಸುವ ಬಗ್ಗೆ ಇದೆ. ಆ ವಿಷಯದಲ್ಲಿ ನಮಗೆ ಉಳಿದು ಬಂದಿರುವ ಅತ್ಯಂತ ಹಳೆಯ ಗ್ರಂಥ ಅದೇ. ಒಂದು ಅಕ್ಷರದ ಬದಲು ಬೇರೊಂದು ಅಕ್ಷರವನ್ನು ಬರೆದು ಪತ್ರದ ಗುಟ್ಟು ಕಾಯುವುದು ಹಳೆಯ ಪದ್ಧತಿ. ಯಾವ ಅಕ್ಷರಕ್ಕೆ ಯಾವುದು ಬದಲಿ ಎಂಬ ಪಟ್ಟಿಯೇ ಅದರ ಕೀಲಿ. ಅರಬಿಯ 28 ಅಕ್ಷರಗಳನ್ನು ಹೀಗೆ ಅದಲುಬದಲು ಮಾಡುವ ವಿಧಾನಗಳ ಸಂಖ್ಯೆಯನ್ನು ಬರೆದರೆ 30 ಅಂಕಿಗಳಾಗುತ್ತವೆ! ಒಂದೊಂದಾಗಿ ಪರೀಕ್ಷಿಸಿ ನೋಡಲು ಯಾರಿಂದಲೂ ಆಗದು.

ಅಲ್ ಕಿಂದಿಯವರು ಬೇರೆ ದಾರಿ ಹಿಡಿದರು. ಸಾಮಾನ್ಯ ಬರಹದಲ್ಲಿ ಪ್ರತಿಯೊಂದು ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿದರು. ಅರಬಿಯಲ್ಲಿ ಅಲಿಫ್ ಎಲ್ಲಕ್ಕಿಂತ ಹೆಚ್ಚು, ಅದರ ನಂತರ ಲಾಮ್. ಗುಪ್ತ ಪತ್ರದಲ್ಲೂ ಹಾಗೆಯೇ ಎಣಿಸಿದರೆ, ಅತಿ ಹೆಚ್ಚು ಸಲ ಬಂದ ಗುರುತು ಅಲಿಫ್ ಆಗಿರುವ ಸಂಭವ ಹೆಚ್ಚು. ಹೀಗೆ ಒಂದೊಂದೇ ಅಕ್ಷರವನ್ನು ಹೊಂದಿಸುತ್ತಾ ಹೋದರೆ ಬೀಗ ತಾನಾಗಿ ತೆರೆದುಕೊಳ್ಳುತ್ತದೆ. ಆದರೆ ಎಣಿಕೆ ಸರಿಬರಬೇಕಾದರೆ ಬರಹ ಸಾಕಷ್ಟು ಉದ್ದವಿರಬೇಕೆಂದೂ ಅವರು ಎಚ್ಚರಿಸಿದ್ದಾರೆ. ಇಲ್ಲೇ ಇರುವುದು ದೊಡ್ಡ ಪಾಠ. ಒಂದೇ ಕೀಲಿಯಿಂದ ಹೆಚ್ಚು ಹೆಚ್ಚು ಬರೆದಷ್ಟೂ ಅದನ್ನು ಒಡೆಯುವವನಿಗೆ ಹೆಚ್ಚು ಸುಳಿವು ಸಿಗುತ್ತದೆ. ಬಳಸಿದಷ್ಟೂ ಕೀಲಿ ಸವೆಯುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ಇಂದಿನ ಕೀಲಿಗಳು ಬಹು ದೊಡ್ಡ ಸಂಖ್ಯೆಗಳು. ಅಕ್ಷರ ಎಣಿಸಿ ಅವನ್ನು ಒಡೆಯಲಾಗದು. ಆದರೂ ಕೀಲಿ ಕಳವಾಗಬಹುದು, ಕಂಪ್ಯೂಟರುಗಳ ಶಕ್ತಿ ಬೆಳೆಯಬಹುದು. ಆದ್ದರಿಂದ ಅವಕ್ಕೂ ಅವಧಿ ಇಡುತ್ತಾರೆ. ಜಾಲತಾಣದ ಹೆಸರನ್ನು ಕೇಳಿದಾಗ ಅದರ ವಿಳಾಸವನ್ನು ತಿಳಿಸುವ ವ್ಯವಸ್ಥೆಗೆ ಡಿಎನ್ಎಸ್ ಎನ್ನುತ್ತಾರೆ. ನಡುವೆ ಯಾರಾದರೂ ಸುಳ್ಳು ವಿಳಾಸ ಕೊಟ್ಟರೆ ನಾವು ಮೋಸಗಾರರ ಬಾಗಿಲಿಗೆ ಹೋಗುತ್ತೇವೆ. ಅದನ್ನು ತಡೆಯಲು ವಿಳಾಸಕ್ಕೆ ಡಿಜಿಟಲ್ ಸಹಿ ಹಾಕುವ ಪದ್ಧತಿಯಿದೆ. ಇದರ ತಾಯಿಬೇರಿನ ಮುಖ್ಯ ಕೀಲಿ 2010ರ ಜುಲೈನಲ್ಲಿ ಬಳಕೆಗೆ ಬಂತು.

ಈ ಕೀಲಿಯನ್ನು ಬದಲಾಯಿಸುವುದು ಸುಲಭವಲ್ಲ. ಜಗತ್ತಿನ ಕಂಪ್ಯೂಟರುಗಳು ಹಳೆಯ ಉತ್ತರಗಳ ಪ್ರತಿಯನ್ನು ಸ್ವಲ್ಪ ಕಾಲ ಇಟ್ಟುಕೊಂಡಿರುತ್ತವೆ. ಹಳೆಯ ಕೀಲಿಯನ್ನು ಅವಸರದಿಂದ ತೆಗೆದರೆ ನಿಜವಾದ ವಿಳಾಸವೂ ಸುಳ್ಳೆಂದು ಕಾಣುತ್ತದೆ. ಆದ್ದರಿಂದ ಮೊದಲು ಹೊಸ ಕೀಲಿಯನ್ನು ಪ್ರಕಟಿಸಬೇಕು. ಅದು ಎಲ್ಲೆಡೆ ತಲುಪುವವರೆಗೆ ಕಾಯಬೇಕು. ಬಳಿಕ ಅದರಿಂದ ಸಹಿ ಹಾಕಬೇಕು. ಹಳೆಯ ಪ್ರತಿಗಳೆಲ್ಲ ಅಳಿದ ಮೇಲಷ್ಟೇ ಹಳೆಯ ಕೀಲಿಗೆ ವಿದಾಯ ಹೇಳಬೇಕು. ಮುಖ್ಯ ಕೀಲಿಯ ಮೊದಲ ಬದಲಾವಣೆ 2017ರ ಅಕ್ಟೋಬರ್ 11ಕ್ಕೆ ನಿಗದಿಯಾಗಿತ್ತು. ಎಷ್ಟೋ ಕಡೆ ಹೊಸ ಕೀಲಿ ತಲುಪಿಲ್ಲವೆಂದು ತಿಳಿದಾಗ ಅದನ್ನು ಒಂದು ವರ್ಷ ಮುಂದೂಡಿ, 2018ರ ಅಕ್ಟೋಬರ್ 11ರಂದು ನೆರವೇರಿಸಿದರು. 2019ರ ಜನವರಿಯಲ್ಲಿ ಹಳೆಯ ಕೀಲಿಯನ್ನು ರದ್ದುಪಡಿಸಿದರು. ಬದಲಾವಣೆ ಬೇಕು, ಅದರ ಜೊತೆಗೆ ಸಬ್ರ್ ಕೂಡ ಬೇಕು.

ಸಬ್ರಿನ ಪರೀಕ್ಷೆ ಅಲ್ ಕಿಂದಿಯವರಿಗೂ ಎದುರಾಯಿತು. ಖಲೀಫ ಮುತವಕ್ಕಿಲರ ಕಾಲದಲ್ಲಿ ಆಸ್ಥಾನದ ವಿದ್ವಾಂಸರೇ ಆದ ಬನೂ ಮೂಸಾ ಸಹೋದರರು ಅವರ ವಿರುದ್ಧ ದೂರಿದರು. ಅಲ್ ಕಿಂದಿಯವರು ಪೆಟ್ಟು ತಿಂದರು, ಅವರ ಗ್ರಂಥಾಲಯವೇ ಜಪ್ತಾಯಿತು. ಮುಂದೆ ಆ ಸಹೋದರರ ಮೇಲ್ವಿಚಾರಣೆಯ ಕಾಲುವೆಯೊಂದರಲ್ಲಿ ದೋಷ ಕಂಡುಬಂದು ಅವರು ಸಂಕಟಕ್ಕೆ ಸಿಲುಕಿದರು. ಆಗ ಸನದ್ ಇಬ್ನ್ ಅಲಿ ಎಂಬ ವಿದ್ವಾಂಸರು, ಅಲ್ ಕಿಂದಿಯವರ ಪುಸ್ತಕಗಳನ್ನು ಮೊದಲು ಹಿಂದಿರುಗಿಸಿ, ನಂತರವೇ ನೆರವು ಎಂದು ಪಟ್ಟು ಹಿಡಿದರೆಂದು ಹಳೆಯ ಚರಿತ್ರಕಾರರು ದಾಖಲಿಸಿದ್ದಾರೆ. ಹೀಗೆ ಪುಸ್ತಕಗಳು ಒಡೆಯನ ಕೈ ಸೇರಿದವು. ಸುಮಾರು 873ರಲ್ಲಿ ಅಲ್ ಕಿಂದಿಯವರು ಬಗ್ದಾದಿನಲ್ಲಿ ನಿಧನರಾದರು.

ಅವರ ಬಹುಪಾಲು ಬರಹಗಳು ಕಾಲನ ಪಾಲಾದವು. ಗೂಢಲಿಪಿಯ ಗ್ರಂಥವೂ ಶತಮಾನಗಳ ಕಾಲ ಮರೆಯಾಗಿತ್ತು. ಅದರ ಹಸ್ತಪ್ರತಿ ಇಸ್ತಾಂಬುಲ್‌ನ ಸುಲೈಮಾನಿಯಾ ಗ್ರಂಥಾಲಯದಲ್ಲಿ ಸಿಕ್ಕಿ, 1980ರ ದಶಕದಲ್ಲಿ ಬೆಳಕು ಕಂಡಿತು.

ಭಾಷೆ ಓದುವವರಿಗೆ ಗಣಿತ ಏಕೆ, ವಿಜ್ಞಾನ ಓದುವವರಿಗೆ ಅರಬಿ, ಉರ್ದು ಏಕೆ ಎಂದು ನಮ್ಮ ಮಕ್ಕಳು ಕೇಳುವುದುಂಟು. ಅಲ್ ಕಿಂದಿಯವರ ಎಣಿಕೆಯೇ ಇದಕ್ಕೆ ಉತ್ತರ. ಭಾಷೆ ಮತ್ತು ಲೆಕ್ಕ ಕೈಜೋಡಿಸಿದಾಗ ಹೊಸ ವಿದ್ಯೆಯೇ ಹುಟ್ಟಿತು. ನಿಮ್ಮ ಉರ್ದು ಪಾಠದ ಒಂದು ಪುಟ ತೆಗೆದು, ಪ್ರತಿ ಅಕ್ಷರವೂ ಎಷ್ಟು ಸಲ ಬಂದಿದೆಯೆಂದು ಎಣಿಸಿ ನೋಡಿ. ಬಗ್ದಾದಿನ ಆ ಮಹನೀಯರು ನಡೆದ ದಾರಿಯಲ್ಲಿ ನೀವೂ ಒಂದು ಹೆಜ್ಜೆ ಇಟ್ಟಂತಾಗುತ್ತದೆ. ಉಪಯುಕ್ತ ವಿದ್ಯೆಯನ್ನು ಗಳಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.