ಕ್ರೋಟನ್ನಿನ ಮಿಲೊ

ಕ್ರೋಟನ್ನಿನ ಮಿಲೊ ಕ್ರಿ.ಪೂ. 6ನೆಯ ಶತಮಾನದ ಪ್ರಸಿದ್ಧ ಗ್ರೀಕ್ ಕುಸ್ತಿಪಟು. ಇಂದಿನ ದಕ್ಷಿಣ ಇಟಲಿಯಲ್ಲಿದ್ದ ಗ್ರೀಕ್ ವಸಾಹತು ಕ್ರೋಟನ್ ಇವನ ಊರು. ಭಾರವನ್ನು ಕ್ರಮೇಣ ಹೆಚ್ಚಿಸುತ್ತ ಮಾಡುವ ವ್ಯಾಯಾಮಕ್ಕೂ ವಯಸ್ಸಿನೊಡನೆ ಕುಂದುವ ಸ್ನಾಯುಬಲಕ್ಕೂ ಇವನ ಹೆಸರು ಉದಾಹರಣೆಯಾಗಿ ಉಳಿದಿದೆ.

ಕುಸ್ತಿ ಮತ್ತು ಯುದ್ಧ

ಮಿಲೊ ಕ್ರಿ.ಪೂ. 540ರ ಸುಮಾರಿಗೆ ಒಲಿಂಪಿಕ್ ಕ್ರೀಡೆಗಳ ಬಾಲಕರ ಕುಸ್ತಿಯಲ್ಲಿ ಜಯಗಳಿಸಿದನು. ಅನಂತರ ವಯಸ್ಕರ ವಿಭಾಗದಲ್ಲಿ ಐದು ಬಾರಿ ಗೆದ್ದನು. ಎಳೆಯ ಕರುವೊಂದನ್ನು ದಿನವೂ ಹೊತ್ತು ನಡೆಯುತ್ತಿದ್ದು, ಅದು ಬೆಳೆದು ಹೋರಿಯಾದಾಗಲೂ ಹೊರಬಲ್ಲವನಾದನೆಂಬುದು ಇವನ ಬಗೆಗಿನ ಪ್ರಖ್ಯಾತ ಕಥೆ. ತತ್ತ್ವಜ್ಞಾನಿ ಪೈಥಾಗೊರಸನ ಒಡನಾಟ ಇವನಿಗಿತ್ತೆಂದು ಪ್ರಾಚೀನ ಲೇಖಕರು ಹೇಳುತ್ತಾರೆ. ಕ್ರಿ.ಪೂ. 510ರ ಸುಮಾರಿನಲ್ಲಿ ನೆರೆಯ ಸಿಬಾರಿಸ್ ನಗರದ ಮೇಲೆ ನಡೆದ ಯುದ್ಧದಲ್ಲಿ ಕ್ರೋಟನ್ನಿನ ಸೇನೆಯನ್ನು ಇವನು ಮುನ್ನಡೆಸಿದನು.

ಇಳಿವಯಸ್ಸು ಮತ್ತು ಮರಣ

ಒಲಿಂಪಿಕ್ ಕಣಕ್ಕೆ ಏಳನೆಯ ಬಾರಿ ಇಳಿದಾಗ ತನ್ನೂರಿನವನೇ ಆದ ತರುಣ ಟಿಮಾಸಿಥಿಯಸನನ್ನು ಮಣಿಸಲು ಮಿಲೊಗೆ ಸಾಧ್ಯವಾಗಲಿಲ್ಲ. ತರುಣನು ಇವನ ಹಿಡಿತಕ್ಕೆ ಸಿಗದೆ ದೂರವೇ ಉಳಿದನು. ರೋಮನ್ ಲೇಖಕ ಸಿಸೆರೊ ವೃದ್ಧಾಪ್ಯವನ್ನು ಕುರಿತ ತನ್ನ ಕೃತಿಯಲ್ಲಿ ಇನ್ನೊಂದು ಪ್ರಸಂಗವನ್ನು ಹೇಳಿದ್ದಾನೆ. ಮುದುಕನಾದ ಮಿಲೊ ಯುವಕರ ಅಭ್ಯಾಸವನ್ನು ನೋಡುತ್ತ, ಬಲವಳಿದ ತನ್ನ ತೋಳುಗಳತ್ತ ದೃಷ್ಟಿ ಹರಿಸಿ ಕಣ್ಣೀರಿಟ್ಟನಂತೆ. ದೇಹಬಲವೊಂದನ್ನೇ ನೆಚ್ಚಿದವನ ದುಃಖವೆಂದು ಸಿಸೆರೊ ಇದನ್ನು ಟೀಕಿಸುತ್ತಾನೆ.

ಮಿಲೊನ ಮರಣದ ಕಥೆಯೂ ಬಲದ ಮಿತಿಯನ್ನೇ ಸಾರುತ್ತದೆ. ಕಾಡಿನಲ್ಲಿ ಬೆಣೆ ಹೊಡೆದು ಸೀಳಿದ್ದ ಮರವನ್ನು ಬರಿಗೈಯಿಂದ ಬಿಡಿಸಹೋದಾಗ ಬೆಣೆಗಳು ಜಾರಿ ಕೈಗಳು ಸಿಕ್ಕಿಕೊಂಡವು. ಕಾಡುಮೃಗಗಳು ಅವನನ್ನು ಕೊಂದವು ಎಂದು ಐತಿಹ್ಯ.

ಆಧುನಿಕ ವ್ಯಾಯಾಮಶಾಸ್ತ್ರದಲ್ಲಿ

ಕರುವಿನ ಕಥೆಯಲ್ಲಿರುವ ತತ್ತ್ವವನ್ನು ಇಂದು ಕ್ರಮವರ್ಧಿತ ಭಾರದ ವ್ಯಾಯಾಮವೆನ್ನಬಹುದು. ಸ್ನಾಯು ಒಂದು ಭಾರಕ್ಕೆ ಹೊಂದಿಕೊಂಡ ಮೇಲೆ ಭಾರವನ್ನು ಸ್ವಲ್ಪ ಹೆಚ್ಚಿಸುವುದೇ ಇದರ ಕ್ರಮ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವೈದ್ಯ ಥಾಮಸ್ ಡಿಲೋರ್ಮ್ ಗಾಯಗೊಂಡ ಸೈನಿಕರ ಚಿಕಿತ್ಸೆಯಲ್ಲಿ ಇದನ್ನು ಬಳಸಿದರು.

ಮಿಲೊ ಮರುಗಿದ ಸ್ಥಿತಿಗೆ 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ಸಾರ್ಕೊಪೀನಿಯ ಎಂಬ ಹೆಸರನ್ನು ಸೂಚಿಸಿದರು. ವಯಸ್ಸಾದಂತೆ ಸ್ನಾಯುರಾಶಿ ಕ್ಷೀಣಿಸುವುದು ಇದರ ಅರ್ಥ. ಇದರಿಂದ ಕುರ್ಚಿಯಿಂದೇಳುವುದು, ಮೆಟ್ಟಿಲು ಹತ್ತುವುದು ಕಷ್ಟವಾಗಿ ಬೀಳುವ ಅಪಾಯ ಹೆಚ್ಚುತ್ತದೆ. 1990ರಲ್ಲಿ ಪ್ರಕಟವಾದ ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ 90 ವರ್ಷದ ಆಸುಪಾಸಿನ ಹತ್ತು ಮಂದಿ ದುರ್ಬಲ ವೃದ್ಧರು 8 ವಾರಗಳ ಕಾಲಿನ ವ್ಯಾಯಾಮವನ್ನು ಕೈಗೊಂಡರು. ಅದನ್ನು ಪೂರೈಸಿದ ಒಂಬತ್ತು ಮಂದಿಯ ಕಾಲುಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು, ಅಭ್ಯಾಸ ನಿಂತಾಗ ಅದು ಮತ್ತೆ ಕುಂದಿತು. 65 ವರ್ಷ ಮೀರಿದವರೂ ವಾರಕ್ಕೆ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿತು. ತಾರುಣ್ಯದ ಬಲ ಮರಳದಿದ್ದರೂ, ಮಿಲೊನ ಹೆಸರಿನೊಡನೆ ಬೆಸೆದುಕೊಂಡ ಈ ಕ್ರಮವು ಮುಪ್ಪಿನಲ್ಲಿಯೂ ಫಲ ನೀಡುತ್ತದೆ.